ಬರೆಯುವ ಮುನ್ನ ಬರೆಯ ಕೆಳಗಿನ ಮನೆ ನೆನೆಯಿರಿ

ವಿಜ್ಞಾನ, ತಂತ್ರಜ್ಞಾನ, ಸರ್ಕಾರದ ನೀತಿಗಳ ಬಗ್ಗೆ ಫೋನಿನಲ್ಲಿ ಅಪರಿಚಿತರೊಡನೆ ವಾದಕ್ಕಿಳಿಯುವ ಕೊಡಗಿನ ಎಲ್ಲರಿಗೂ ಸೂಚನೆ

ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಪೊನ್ನಂಪೇಟೆ, ಕುಶಾಲನಗರ, ಈ ಐದೂ ತಾಲ್ಲೂಕಿನವರಿಗೆ ಇದು ಅನ್ವಯಿಸುತ್ತದೆ. ಬೆಂಗಳೂರು, ಮೈಸೂರು, ದುಬೈಗಳಲ್ಲಿ ಕೂತು ಊರಿನ ಬಗ್ಗೆ ಬರೆಯುವ ನಮ್ಮವರಿಗೂ ಅನ್ವಯಿಸುತ್ತದೆ.

ಗುಡ್ಡ ಯಾಕೆ ಜಾರಿತು, ಆನೆ ಯಾಕೆ ತೋಟಕ್ಕೆ ಬಂತು, ಕಸ್ತೂರಿರಂಗನ್ ವರದಿ ಬೇಕೋ ಬೇಡವೋ, ಊರಿಗೆ ಟವರ್ ಹಾಕಿಸಬೇಕೋ ಬಾರದೋ ಎಂದು ಅಪರಿಚಿತರೊಡನೆ ದಿನವೂ ವಾದಿಸುತ್ತೇವೆ. ಬೇರೆ ಕಡೆ ಇಂಥ ವಾದ ಹೊತ್ತು ಕಳೆಯುವ ಮಾತಾಗಿರಬಹುದು. ನಮ್ಮಲ್ಲಿ ಹಾಗಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲಗಳಲ್ಲಿ ಗುಡ್ಡ ಜಾರಿ ಮನೆ, ಗದ್ದೆ, ತೋಟ ಒಟ್ಟಿಗೇ ಹೋದವು. 2019ರಲ್ಲಿ ತೋರ ಗ್ರಾಮ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಜರಿದು ಅರ್ಚಕರ ಮನೆಯನ್ನೇ ಮುಚ್ಚಿತು. ಹಾಗಾಗಿ ನಾವು ಬರೆಯುವ ಮಾತಿನ ತುದಿಯಲ್ಲಿ ಬರೆಯ (ಗುಡ್ಡದ ಕಡಿದಾದ ಮಗ್ಗುಲಿನ) ಕೆಳಗೆ ಕಟ್ಟಿದ ಯಾರದೋ ಮನೆ ಇರುತ್ತದೆ.

ಇದನ್ನು ಬರೆಯುವ ಹಕ್ಕು ನನಗೆ ಒಂದು ತಪ್ಪಿನಿಂದ ಬಂದಿದೆ. 2018ರ ಆ ಮಳೆಯ ರಾತ್ರಿ ಒಂದು ವಾಯ್ಸ್ ಮೆಸೇಜ್ ಬಂತು. ಅಣೆಕಟ್ಟೆ ಒಡೆಯುತ್ತದೆ, ಹೊಳೆ ಬದಿಯವರು ಈಗಲೇ ಹೊರಡಿ ಎಂದಿತ್ತು. ನಾನು ಅದನ್ನು ಮೂರು ಗ್ರೂಪಿಗೆ ಕಳಿಸಿದೆ. ಹೊಳೆ ಬದಿಯಲ್ಲಿದ್ದ ನನ್ನ ಸೋದರತ್ತೆ ಅದನ್ನು ಕೇಳಿ, ಕತ್ತಲಲ್ಲೇ ಮನೆಗೆ ಬೀಗ ಹಾಕಿ, ಗುಡ್ಡದ ದಾರಿ ಹಿಡಿದು ಮೇಲಕ್ಕೆ ನಡೆದರು. ಅಣೆಕಟ್ಟೆ ಒಡೆಯಲಿಲ್ಲ. ಅವರ ಮನೆಗೆ ನೀರೂ ಬರಲಿಲ್ಲ. ಆದರೆ ಅವರು ನಡೆದುಹೋದ ಗುಡ್ಡದ ದಾರಿ ಮಾರನೇ ಬೆಳಿಗ್ಗೆ ಇರಲಿಲ್ಲ. ಅತ್ತೆ ಬದುಕಿಕೊಂಡದ್ದು ಕೆಲವೇ ಗಂಟೆಗಳ ಅಂತರದಿಂದ.

ಕೆಳಗಿನ ಎಲ್ಲ ನಿಯಮಗಳ ಬೇರು ಮೂರು ಪ್ರಶ್ನೆಗಳಲ್ಲಿದೆ. ಎಲ್ಲಿ? ಯಾವಾಗ? ಅಳೆದವರು ಅಥವಾ ಕಂಡವರು ಯಾರು? ಇವು ಮೂರಕ್ಕೂ ಉತ್ತರ ಇಲ್ಲದ ಮಾತನ್ನು ವಾದಕ್ಕೆ ತರಬಾರದು, ಬೇರೆಯವರಿಗೆ ದಾಟಿಸಲೂ ಬಾರದು.

ಮಾಡಬೇಕಾದ್ದು

1. ಪ್ರತಿ ಅಂಕಿಯ ಜೊತೆ ಊರು, ದಿನ, ಅಳೆದವರು ಯಾರೆಂಬುದನ್ನು ಬರೆಯಿರಿ.
ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆಮಾಪಕವಿದೆ. ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕವಿದೆ. ಇದು ನಮ್ಮ ಬಳಿ ಇರುವ ದೊಡ್ಡ ಆಸ್ತಿ. ವಾದಕ್ಕೆ ಧೈರ್ಯವಾಗಿ ತನ್ನಿ. ಆದರೆ 'ಕೊಡಗಿನಲ್ಲಿ ಎಂಟು ಇಂಚು ಮಳೆ' ಎಂದು ಬರೆಯಬೇಡಿ. ಭಾಗಮಂಡಲದ ಕಡೆ ಬೀಳುವ ಮಳೆ ಕುಶಾಲನಗರದ ಮಳೆಯ ಹಲವು ಪಟ್ಟು. ಇಡೀ ಕೊಡಗಿಗೆ ಒಂದೇ ಮಳೆ ಎಂಬುದು ಇಲ್ಲ. ನಿಮ್ಮ ಊರು ಯಾವುದು, ಎಷ್ಟು ಹೊತ್ತಿಗೆ ಅಳೆದಿರಿ ಎಂಬುದನ್ನೂ ಬರೆಯಿರಿ. ಹವಾಮಾನ ಇಲಾಖೆಯ ದಿನದ ಲೆಕ್ಕ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ. ನೀವು ಆರು ಗಂಟೆಗೆ ಅಳೆದಿದ್ದರೆ ಎರಡು ಲೆಕ್ಕ ಹೊಂದುವುದಿಲ್ಲ. ಹೊಂದದಿದ್ದರೆ ಇಲಾಖೆ ಸುಳ್ಳು ಹೇಳಿತು ಎಂದಾಗುವುದಿಲ್ಲ. ಇಂಚನ್ನು ಮಿಲಿಮೀಟರಿಗೆ ತಿರುಗಿಸಲು 25.4ರಿಂದ ಗುಣಿಸಿ.

2. ಮಾನ ತಿಳಿದು ಮಾತಾಡಿ.
ಹಾರಂಗಿ ಅಣೆಕಟ್ಟೆಯ ವಿಷಯ ಬಂದಾಗಲೆಲ್ಲ ಕ್ಯೂಸೆಕ್ ಮತ್ತು ಟಿಎಂಸಿ ಕಲಸಿಹೋಗುತ್ತವೆ. ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತಿದೆ ಎಂಬುದು. ಟಿಎಂಸಿ ಎಂದರೆ ನೀರಿನ ಒಟ್ಟು ಗಾತ್ರದ ಅಳತೆ, ಒಂದು ಟಿಎಂಸಿಗೆ 100 ಕೋಟಿ ಘನ ಅಡಿ. ಹಾರಂಗಿಯ ಸಾಮರ್ಥ್ಯ 8.5 ಟಿಎಂಸಿ. ಇಪ್ಪತ್ತು ಸಾವಿರ ಕ್ಯೂಸೆಕ್ ನೀರನ್ನು ಪೂರ್ತಿ ಒಂದು ದಿನ ಬಿಟ್ಟರೆ ಹೊರಗೆ ಹೋಗುವುದು ಸುಮಾರು 1.73 ಟಿಎಂಸಿ. ಮೊದಲೇ ಬಿಡಬೇಕಿತ್ತು, ಬಿಟ್ಟದ್ದು ಹೆಚ್ಚಾಯಿತು ಎಂದು ವಾದಿಸುವವರು ಈ ಗುಣಾಕಾರವನ್ನು ಮೊದಲು ಕಾಗದದ ಮೇಲೆ ಮಾಡಿಕೊಳ್ಳಲಿ.

ಭೂಕಂಪನವೂ ಹಾಗೆಯೇ. 2022ರ ಜೂನ್ 23ರಂದು ಹೊಳೆನರಸೀಪುರದ ಕಡೆ 3.4ರ ಕಂಪನ, ಜೂನ್ 28ರಂದು ಕರಿಕೆ, ಚೆಂಬು, ಸಂಪಾಜೆಯ ಸುತ್ತ 3.0ರ ಕಂಪನ ದಾಖಲಾಯಿತು. ಪಾತ್ರೆ ಅಲುಗಿದವು, ಜನ ಹೊರಗೆ ಓಡಿದರು. ಆ ಭಯ ನಿಜ. ಆದರೆ '3 ಬಂತು, 6 ಬಂದರೆ ಇದರ ಎರಡರಷ್ಟು' ಎಂಬುದು ತಪ್ಪು. ಈ ಮಾಪನದಲ್ಲಿ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. 3ಕ್ಕೂ 6ಕ್ಕೂ ನಡುವೆ 30,000 ಪಟ್ಟಿಗಿಂತ ಹೆಚ್ಚು. ಇದನ್ನು ತಿಳಿದವರು ಹೆದರಿದವರಿಗೆ ಧೈರ್ಯ ಹೇಳಬಲ್ಲರು.

3. ವರದಿಯ ಹೆಸರೆತ್ತುವ ಮುನ್ನ ವರದಿ ತೆರೆಯಿರಿ.
ನಮ್ಮಲ್ಲಿ ಅತಿ ಹೆಚ್ಚು ಜಗಳ ಆಗಿರುವುದು ಓದದ ವರದಿಗಳ ಮೇಲೆ. ಮಾಧವ ಗಾಡ್ಗೀಳ್ ಸಮಿತಿ ವರದಿ ಕೊಟ್ಟದ್ದು 2011ರಲ್ಲಿ. ಇಡೀ ಪಶ್ಚಿಮ ಘಟ್ಟವನ್ನು ಸೂಕ್ಷ್ಮ ಎಂದು ಪರಿಗಣಿಸಿ, ಮೂರು ದರ್ಜೆಗಳಾಗಿ ವಿಂಗಡಿಸಿ, ತೀರ್ಮಾನದಲ್ಲಿ ಗ್ರಾಮಸಭೆಗೆ ಪಾಲಿರಬೇಕು ಎಂದಿತು. ಕಸ್ತೂರಿರಂಗನ್ ನೇತೃತ್ವದ ತಂಡದ ವರದಿ 2013ರದ್ದು. ಅದು ಘಟ್ಟದ ಸುಮಾರು ಶೇ 37ರಷ್ಟನ್ನು, ಅಂದರೆ ಸುಮಾರು 60,000 ಚದರ ಕಿಲೋಮೀಟರ್ ಪ್ರದೇಶವನ್ನು ಸೂಕ್ಷ್ಮ ಎಂದಿತು. ಎರಡೂ ಒಂದೇ ಎಂದು ಬರೆಯುವವರು ಎರಡನ್ನೂ ಓದಿಲ್ಲ.

ಕಸ್ತೂರಿರಂಗನ್ ವರದಿ ಆಧರಿಸಿದ ಕೇಂದ್ರದ ಕರಡು ಅಧಿಸೂಚನೆಯಲ್ಲಿ ನಿಷೇಧವಾಗುವುದೇನು? ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲಿನ ಹೊಸ ಕಟ್ಟಡ, ದೊಡ್ಡ ಬಡಾವಣೆಗಳು. 'ಮನೆಗೆ ಹಂಚು ಹೊದಿಸಲೂ ಬಿಡುವುದಿಲ್ಲ' ಎಂದು ಬರೆಯುವವರು ಅದು ಯಾವ ಪುಟದಲ್ಲಿದೆ ಎಂದು ತೋರಿಸಬೇಕು. 'ರೈತರಿಗೆ ಏನೂ ತೊಂದರೆಯಿಲ್ಲ, ವಿರೋಧಿಸುವವರೆಲ್ಲ ರೆಸಾರ್ಟಿನವರು' ಎಂದು ಬರೆಯುವವರೂ ನಿಲ್ಲಬೇಕು. ಹಳ್ಳಿಯ ಶೇ 20ರಷ್ಟು ಭಾಗ ಸೂಕ್ಷ್ಮವೆಂದು ಉಪಗ್ರಹ ಚಿತ್ರದಲ್ಲಿ ಕಂಡರೆ ಇಡೀ ಹಳ್ಳಿಯೇ ಪಟ್ಟಿಗೆ ಸೇರಿದ್ದು ನಿಜ. ನೆರಳು ಮರಗಳ ಕೆಳಗಿನ ಕಾಫಿ ತೋಟ ಮೇಲಿನಿಂದ ನೋಡಿದಾಗ ಕಾಡಿನಂತೆಯೇ ಕಾಣುತ್ತದೆ ಎಂಬ ಬೆಳೆಗಾರರ ಆಕ್ಷೇಪಕ್ಕೆ ತೂಕವಿದೆ. ಎರಡೂ ಕಡೆಯವರು ಈ ಮಟ್ಟದಲ್ಲಿ ಮಾತಾಡಿದರೆ ಅದು ಚರ್ಚೆ. ಉಳಿದದ್ದು ಕೂಗಾಟ.

4. ಎರಡು ಲೆಕ್ಕ ಹೋಲಿಸುವ ಮುನ್ನ ಎಣಿಸಿದ ಕ್ರಮ ನೋಡಿ.
2023ರಲ್ಲಿ ಅರಣ್ಯ ಇಲಾಖೆಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳು. 2025ರಲ್ಲಿ ಬಂದ ರಾಷ್ಟ್ರೀಯ ವರದಿಯಲ್ಲಿ 6,013. ಇವೆರಡನ್ನು ಪಕ್ಕಪಕ್ಕ ಇಟ್ಟು 'ಎರಡು ವರ್ಷದಲ್ಲಿ 382 ಆನೆ ಸತ್ತವು' ಎಂದು ಒಬ್ಬರು, 'ಆನೆ ಕಡಿಮೆಯಾದರೂ ಹಾವಳಿ ಹೆಚ್ಚಿದೆ' ಎಂದು ಇನ್ನೊಬ್ಬರು ಬರೆಯಬಹುದು. ಇಬ್ಬರದ್ದೂ ತಪ್ಪು. ಎರಡನೆಯ ಲೆಕ್ಕ ಲದ್ದಿಯಲ್ಲಿ ಸಿಗುವ ಡಿಎನ್‌ಎ ಆಧರಿಸಿದ್ದು. ಹಳೆಯ ಎಣಿಕೆಗಳ ಜೊತೆ ಅದನ್ನು ನೇರವಾಗಿ ತಾಳೆ ಹಾಕುವಂತಿಲ್ಲ. ಸೇರಿನಲ್ಲಿ ಅಳೆದ ಭತ್ತವನ್ನೂ ತಕ್ಕಡಿಯಲ್ಲಿ ತೂಗಿದ ಭತ್ತವನ್ನೂ ಕಳೆದು ಕಳ್ಳತನ ಆಗಿದೆ ಎನ್ನಲಾಗದು.

5. ಕಂಡದ್ದು, ಕೇಳಿದ್ದು, ಊಹಿಸಿದ್ದು ಈ ಮೂರನ್ನು ಬೇರೆಬೇರೆಯಾಗಿ ಹೇಳಿ.
ಇದಕ್ಕೆ ಕನ್ನಡ ನಮಗೆ ಹತ್ಯಾರುಗಳನ್ನು ಕೊಟ್ಟಿದೆ. ಕಂಡದ್ದಕ್ಕೆ 'ಇದೆ'. ಕೇಳಿದ್ದಕ್ಕೆ 'ಇದೆಯಂತೆ'. ಊಹೆಗೆ 'ಇರಬಹುದು'. ಅಜ್ಜಿ ಬಾವಿಕಟ್ಟೆಯಲ್ಲಿ ಮಾತಾಡುವಾಗ ಈ ಮೂರನ್ನು ಎಂದೂ ಬೆರೆಸುತ್ತಿರಲಿಲ್ಲ. ಫೋನಿಗೆ ಬಂದ ಮೇಲೆ ಮೊದಲು ಬಿದ್ದುಹೋದದ್ದು 'ಅಂತೆ'. 'ಮೇಲೆ ಬಿರುಕು ಬಿಟ್ಟಿದೆಯಂತೆ' ಎಂದು ಹೊರಟ ಮಾತು ಮೂರನೇ ಗ್ರೂಪಿಗೆ ಹೋಗುವಾಗ 'ಬಿರುಕು ಬಿಟ್ಟಿದೆ' ಆಗುತ್ತದೆ, ಐದನೆಯದರಲ್ಲಿ 'ಗುಡ್ಡ ಕುಸಿದಿದೆ' ಆಗುತ್ತದೆ. 'ಅಂತೆ'ಯನ್ನು ಕತ್ತರಿಸಬೇಡಿ. ನಿಮಗೆ 'ಅಂತೆ' ಎಂದು ಬಂದದ್ದನ್ನು 'ಅಂತೆ' ಎಂದೇ ಹೇಳಿ.

6. ಊರಿನ ಅನುಭವವನ್ನೂ ವಿಜ್ಞಾನವನ್ನೂ ಒಟ್ಟಿಗೆ ಕೂರಿಸಿ.
'ನೂರು ವರ್ಷದಿಂದ ಇಲ್ಲಿದ್ದೇವೆ, ನಮಗೆ ಗೊತ್ತಿಲ್ಲದ್ದು ವಿಜ್ಞಾನಿಗೆ ಗೊತ್ತಾ' ಎಂಬುದೂ 'ಓದದವರು ಸುಮ್ಮನಿರಿ' ಎಂಬುದೂ ಒಂದೇ ಬಗೆಯ ತಪ್ಪು. ತೊರೆಯ ನೀರು ಇದ್ದಕ್ಕಿದ್ದಂತೆ ಕೆಂಪಾಯಿತು, ಇಲ್ಲದ ಕಡೆ ಒರತೆ ಎದ್ದಿತು, ಕರೆಂಟು ಕಂಬ ವಾಲಿತು, ಅಂಗಳದಲ್ಲಿ ಬಿರುಕು ಕಂಡಿತು: ಇವನ್ನು ಮೊದಲು ನೋಡುವವರು ಅಲ್ಲೇ ಬದುಕುವವರು. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿ ಒತ್ತಡ ಹೆಚ್ಚಿದಾಗ ಮಣ್ಣಿನ ಹಿಡಿತ ಸಡಿಲುತ್ತದೆ, ರಸ್ತೆಗೋ ಮನೆಗೋ ಗುಡ್ಡದ ಬುಡ ಕೊಯ್ದಿದ್ದರೆ ಮೇಲಿನ ಭಾರಕ್ಕೆ ಆಸರೆ ಇರುವುದಿಲ್ಲ ಎಂದು ವಿವರಿಸುವವರು ಭೂವಿಜ್ಞಾನಿಗಳು. ಮೊದಲನೆಯದು ಇಲ್ಲದೆ ಎರಡನೆಯದು ತಡವಾಗುತ್ತದೆ. ಎರಡನೆಯದು ಇಲ್ಲದೆ ಮೊದಲನೆಯದಕ್ಕೆ ಪರಿಹಾರ ಸಿಗುವುದಿಲ್ಲ. ಕೇಳಲು ಹತ್ತಿರದಲ್ಲೇ ಜಾಗಗಳಿವೆ: ಪೊನ್ನಂಪೇಟೆಯ ಅರಣ್ಯ ಕಾಲೇಜು, ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ. ಕಾಡು, ಕೃಷಿ, ಕಾಫಿಯ ಪ್ರಶ್ನೆಗಳನ್ನು ಅಲ್ಲಿಗೆ ಒಯ್ಯಿರಿ.

7. ಹೆಸರು ಹಾಕಿ, ನಿಮ್ಮ ಪಾಲು ಏನೆಂದು ಹೇಳಿ.
ಕೈಗಾ ಅಣುಸ್ಥಾವರದ ಚರ್ಚೆಯನ್ನು ನೆನೆಯಿರಿ. ಶಿವರಾಮ ಕಾರಂತರು ಅದನ್ನು ವಿರೋಧಿಸಿದರು, 1989ರಲ್ಲಿ ಅದೇ ಕಾರಣಕ್ಕೆ ಕೆನರಾ ಕ್ಷೇತ್ರದಿಂದ ಲೋಕಸಭೆಗೂ ನಿಂತರು. ಅಣುವಿಜ್ಞಾನಿ ರಾಜಾ ರಾಮಣ್ಣ ಅಣುವಿದ್ಯುತ್ತಿನ ಪರವಾಗಿ ನಿಂತರು. ಇಬ್ಬರೂ ತಮ್ಮ ಹೆಸರಿಟ್ಟು, ಮುಖ ತೋರಿಸಿ ಮಾತಾಡಿದರು. ನಿಮಗೆ ಹೋಂಸ್ಟೇ ಇದ್ದರೆ 'ನನಗೆ ಹೋಂಸ್ಟೇ ಇದೆ' ಎಂದು ಹೇಳಿಯೇ ವಾದಿಸಿ. ಕ್ವಾರಿ ಇದ್ದರೆ, ಸರ್ಕಾರಿ ಕೆಲಸದಲ್ಲಿದ್ದರೆ, ಪರಿಸರ ಸಂಘಟನೆಯಲ್ಲಿದ್ದರೆ ಅದನ್ನೂ ಹೇಳಿ. ಪಾಲು ಇರುವುದು ತಪ್ಪಲ್ಲ, ಅಡಗಿಸುವುದು ತಪ್ಪು. ಹೆಸರು ಹಾಕಿದರೆ ಕೂಲಿ ತಪ್ಪುವ, ಮನೆ ಬಿಡಬೇಕಾಗುವ ತೋಟದ ಲೈನ್‌ಮನೆಯ ಕಾರ್ಮಿಕರಿಗೆ ಮಾತ್ರ ಇದರಿಂದ ವಿನಾಯಿತಿ. ಅವರು ಹೆಸರಿಲ್ಲದೆ ಹೇಳಿದ್ದನ್ನು ಗೌರವದಿಂದ ಕೇಳಿ. ಯಾರೆಂದು ಪತ್ತೆ ಮಾಡಲು ಹೋಗಬೇಡಿ.

8. ಬಹುವಚನದಲ್ಲೇ ಮಾತಾಡಿ.
ಎದುರಿನವರು ಏಕವಚನಕ್ಕಿಳಿದರೂ ನೀವು 'ನೀವು' ಎನ್ನಿ. ಈ ಜಿಲ್ಲೆಯಲ್ಲಿ ಮನೆಯೊಳಗೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಬ್ಯಾರಿ, ಯರವ, ಕುರುಬ ಭಾಷೆ ಆಡುವವರೆಲ್ಲ ಬೀದಿಗೆ ಬಂದು ಕನ್ನಡ ಬರೆಯುತ್ತಾರೆ. ಅಕ್ಷರ ತಪ್ಪಿದ್ದನ್ನು ಎತ್ತಿ ತೋರಿಸಿ ವಾದ ಗೆದ್ದೆವು ಎನ್ನಬೇಡಿ. ಅವರು ಹೇಳಿದ ವಿಷಯಕ್ಕೆ ಉತ್ತರ ಕೊಡಿ.

9. ತಪ್ಪಿದರೆ ತಪ್ಪಿದ ಜಾಗದಲ್ಲೇ ತಿದ್ದಿ.
ಸದ್ದಿಲ್ಲದೆ ಅಳಿಸಿಹಾಕುವುದು ತಿದ್ದುಪಡಿ ಅಲ್ಲ. 'ನಿನ್ನೆ ನಾನು ಬರೆದ ಅಂಕಿ ತಪ್ಪು, ಸರಿಯಾದದ್ದು ಇದು' ಎಂದು, ಎಲ್ಲೆಲ್ಲಿ ಕಳಿಸಿದ್ದಿರೋ ಅಲ್ಲೆಲ್ಲ ಕಳಿಸಿ. ತಿದ್ದಿಕೊಂಡವರನ್ನು ಯಾರೂ ಹಂಗಿಸಕೂಡದು.

10. ವಾದವನ್ನು ತೀರ್ಮಾನ ಆಗುವ ಜಾಗಕ್ಕೆ ಒಯ್ಯಿರಿ.
ಪಶ್ಚಿಮ ಘಟ್ಟದ ಕರಡು ಅಧಿಸೂಚನೆ ಹೊರಬಂದಾಗಲೆಲ್ಲ ಆಕ್ಷೇಪ ಸಲ್ಲಿಸಲು 60 ದಿನ ಕಾಲಾವಕಾಶ ಇರುತ್ತದೆ. ಆ 60 ದಿನ ಫೋನಿನಲ್ಲಿ ಬೈದಾಡಿ 61ನೇ ದಿನ ಎಚ್ಚೆತ್ತರೆ ಪ್ರಯೋಜನವಿಲ್ಲ. ಸರ್ವೆ ನಂಬರ್ ಹಾಕಿ, ತೋಟದ ನಕ್ಷೆ ಇಟ್ಟು, ಎರಡು ಪುಟದ ಪತ್ರ ಬರೆಯಿರಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ರಸ್ತೆಗೆ ಎಷ್ಟು ಮರ ಕಡಿದರು ಎಂದು ಮೂರು ತಿಂಗಳು ವಾದಿಸುವ ಬದಲು ಒಂದು ಅರ್ಜಿ ಹಾಕಿ. ಗ್ರಾಮಸಭೆಗೆ ಹೋಗಿ, ನಿಮ್ಮ ಮಾತು ನಡಾವಳಿಯಲ್ಲಿ ಬರುವಂತೆ ನೋಡಿಕೊಳ್ಳಿ.

ಮಾಡಬಾರದ್ದು

1. ಮೂಲ ತಿಳಿಯದ ಅಪಾಯದ ಸುದ್ದಿ ದಾಟಿಸಬಾರದು.
'ಸುಳ್ಳಾದರೂ ಪರವಾಗಿಲ್ಲ, ಜನ ಎಚ್ಚರವಾಗಿರಲಿ' ಎಂಬ ಸಮಾಧಾನವನ್ನು ನಾನೂ ಹೇಳಿಕೊಂಡಿದ್ದೆ. ಅದು ಸರಿಯಲ್ಲ. ಸುಳ್ಳು ಎಚ್ಚರಿಕೆ ಜನರನ್ನು ಭದ್ರ ಜಾಗದಿಂದ ಅಪಾಯದ ಜಾಗಕ್ಕೆ ಓಡಿಸುತ್ತದೆ. ಎರಡು ಸಲ ಸುಳ್ಳಾದರೆ ಮೂರನೆಯ ಸಲ ನಿಜವಾದ ಎಚ್ಚರಿಕೆಗೆ ಯಾರೂ ಏಳುವುದಿಲ್ಲ. ವಿಪತ್ತು ನಿರ್ವಹಣಾ ಕಾಯ್ದೆ 2005ರ 54ನೇ ಕಲಂ ಪ್ರಕಾರ ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹರಡಿ ಜನರನ್ನು ದಿಗಿಲುಗೊಳಿಸುವುದು ಒಂದು ವರ್ಷದವರೆಗೆ ಜೈಲು ಅಥವಾ ದಂಡಕ್ಕೆ ಗುರಿಯಾಗುವ ಅಪರಾಧ.

2. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎನ್ನಬಾರದು.
ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಹಾಕಬಾರದು ಎಂದು ಹಿರಿಯರು ಹೇಳಿದ್ದು ಇದನ್ನೇ. 2018ರ ಜುಲೈನಲ್ಲಿ ಕೊಡಗಿನಲ್ಲಿ ಲಘು ಕಂಪನ ಆಯಿತು, ಆಗಸ್ಟ್‌ನಲ್ಲಿ ಗುಡ್ಡ ಜಾರಿತು. ಕಂಪನದಿಂದಲೇ ಜಾರಿತು ಎಂಬ ಮಾತು ಊರೆಲ್ಲ ಹಬ್ಬಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು ಸ್ಥಳ ನೋಡಿ ಬೊಟ್ಟು ಮಾಡಿದ್ದು ಬಿಡದೆ ಸುರಿದ ಮಳೆಯ ಕಡೆಗೆ, ರಸ್ತೆಗೂ ಕಟ್ಟಡಕ್ಕೂ ಕೊಯ್ದ ಇಳಿಜಾರುಗಳ ಕಡೆಗೆ. ಇದು ಕಹಿ. ಭೂಮಿ ತಾನೇ ನಡುಗಿತು ಎಂದರೆ ಯಾರೂ ಹೊಣೆ ಹೊರಬೇಕಿಲ್ಲ. ಬರೆ ಕೊಯ್ದದ್ದು ಕಾರಣ ಎಂದರೆ ಜೆಸಿಬಿ ತರಿಸಿದ ನಾವೆಲ್ಲ ಉತ್ತರ ಕೊಡಬೇಕು.

ಇನ್ನೊಂದು ಉದಾಹರಣೆ. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗುಡ್ಡ ಕುಸಿದು ಕೊಚ್ಚಿಹೋದದ್ದು 2024ರ ಜುಲೈ 30ರಂದು. ಪಶ್ಚಿಮ ಘಟ್ಟದ ಕರಡು ಅಧಿಸೂಚನೆಯ ದಿನಾಂಕ ಜುಲೈ 31. ವಯನಾಡು ನೋಡಿ ಗಡಿಬಿಡಿಯಲ್ಲಿ ಮಾಡಿದ್ದು ಎಂದರೆ ನಂಬುವಂತೆಯೇ ಇದೆ. ಆದರೆ 2014ರ ಮಾರ್ಚ್‌ನಿಂದ ಹೊರಬಂದ ಕರಡುಗಳಲ್ಲಿ ಅದು ಆರನೆಯದು. 2024ರ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ವಾದಕ್ಕೆ ಮುನ್ನ ದಿನಾಂಕಗಳನ್ನು ಸಾಲಾಗಿ ಬರೆದುಕೊಳ್ಳಿ. ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

3. ದೊಡ್ಡ ದುರಂತಕ್ಕೆ ಒಂದೇ ಕಾರಣ ಹಿಡಿದು ಜೋತುಬೀಳಬಾರದು.
ಗಜಗಿರಿ ಜರಿದಾಗ ಬೆಟ್ಟದ ಮೇಲೆ ತೋಡಿದ ಇಂಗುಗುಂಡಿಗಳೇ ಕಾರಣ ಎಂದರು, ಮಳೆಯೇ ಕಾರಣ ಎಂದರು, ದೈವಕೋಪ ಎಂದೂ ಹೇಳಿದರು. ಮಳೆ, ಇಳಿಜಾರು, ಮಣ್ಣಿನ ಗುಣ, ಮನುಷ್ಯ ಮಾಡಿದ ಕೆಲಸ ಹೀಗೆ ಹಲವು ಕಾರಣ ಕೂಡಿ ಗುಡ್ಡ ಬೀಳುವುದುಂಟು. ಗುಂಡಿಗಳ ಬಗ್ಗೆ ವಾದಿಸುವುದಾದರೆ ಹೀಗೆ ಕೇಳಿ: ಗುಂಡಿಗಳು ಜಾರಿದ ಜಾಗದಿಂದ ಎಷ್ಟು ದೂರ? ಎಷ್ಟು ಆಳ? ಜಾರುವಿಕೆ ಶುರುವಾದದ್ದು ಎಲ್ಲಿಂದ? ಈ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. 'ಇಲಾಖೆಯವರೇ ಕೊಂದರು' ಎಂಬುದಕ್ಕೆ ಸಿಗುವುದು ಮರುಬೈಗುಳ ಮಾತ್ರ.

4. ಅಪಾಯದ ಪದಗಳನ್ನು ಅರ್ಥ ತಿಳಿಯದೆ ಬಳಸಬಾರದು.
ನೆಟ್‌ವರ್ಕ್ ಇಲ್ಲ ಎಂದು ದೂರುತ್ತೇವೆ, ಟವರ್ ಬಂದರೆ ಕ್ಯಾನ್ಸರ್ ಎಂದು ಹೆದರುತ್ತೇವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ರೇಡಿಯೊ ತರಂಗಗಳನ್ನು, ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದು ಎನ್ನುವ '2ಬಿ' ಗುಂಪಿಗೆ ಸೇರಿಸಿದ್ದು ನಿಜ. ಆದರೆ ಈ ಗುಂಪುಗಳು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಏಷ್ಯಾದಲ್ಲಿ ಸಾಂಪ್ರದಾಯಿಕವಾಗಿ ಉಪ್ಪಿನಲ್ಲಿ ಹಾಕುವ ತರಕಾರಿಯೂ 2ಬಿ ಗುಂಪಿನಲ್ಲೇ ಇದೆ. ಭಾರತ 2012ರ ಸೆಪ್ಟೆಂಬರ್ 1ರಿಂದ ಟವರ್ ವಿಕಿರಣಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದರಷ್ಟನ್ನು ಮಾತ್ರ ಅನುಮತಿಸಿದೆ. ಸಂಶಯವಿದ್ದರೆ ಅಳತೆ ಮಾಡಿಸಿ ಎಂದು ಒತ್ತಾಯಿಸಿ. ಗರ್ಭಿಣಿಯರನ್ನು ಹೆದರಿಸುವ ಚಿತ್ರ ಹಂಚಬೇಡಿ.

5. ವಿಜ್ಞಾನ ಮಾತು ಬದಲಿಸಿತು ಎಂದು ಹಂಗಿಸಬಾರದು.
ನಮ್ಮ ಕಾಫಿಯನ್ನೇ ನೋಡಿ. ಮೇಲೆ ಹೇಳಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯೇ 1991ರಲ್ಲಿ ಕಾಫಿಯನ್ನು 2ಬಿ ಗುಂಪಿನಲ್ಲಿಟ್ಟಿತ್ತು. ಕಾಲು ಶತಮಾನದ ಹೊಸ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ 2016ರಲ್ಲಿ ಕಾಫಿಯನ್ನು ಅಲ್ಲಿಂದ ತೆಗೆದು, ಕ್ಯಾನ್ಸರ್ ತರುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎನ್ನುವ ಮೂರನೇ ಗುಂಪಿಗೆ ಸೇರಿಸಿತು. ಜೊತೆಗೆ, 65 ಡಿಗ್ರಿಗಿಂತ ಬಿಸಿಯಾಗಿ ಕುಡಿಯುವ ಯಾವುದೇ ಪಾನೀಯದ ಬಗ್ಗೆ ಎಚ್ಚರಿಸಿತು. ಪುರಾವೆ ಬಂದಾಗ ತೀರ್ಪು ತಿದ್ದುವುದು ಪ್ರಾಮಾಣಿಕತೆ. ಬೆಳೆಗಾರರಾದ ನಾವು ಅದರ ಫಲ ಉಂಡವರು. ತಿದ್ದುಪಡಿ ನಮಗೆ ಅನುಕೂಲವಾದಾಗ ವಿಜ್ಞಾನ, ಅನುಕೂಲವಾಗದಾಗ ಪಿತೂರಿ ಎನ್ನುವ ಹಾಗಿಲ್ಲ.

6. ಬೇರೆ ಊರಿನ, ಬೇರೆ ವರ್ಷದ ವಿಡಿಯೊ ಹಾಕಬಾರದು.
ಕುಸಿತದ, ಹುಲಿಯ, ಆನೆಯ ವಿಡಿಯೊ ಬಂದರೆ ಮೊದಲು ಗಾಡಿಗಳ ನಂಬರ್ ನೋಡಿ. ನಮ್ಮ ಜಿಲ್ಲೆಯದಾದರೆ ಕೆಎ 12 ಎಲ್ಲಾದರೂ ಕಾಣಬೇಕು. ಜನರ ಮಾತು ಕೇಳಿ. ಅಂಗಡಿಯ ಬೋರ್ಡ್ ಓದಿ. ಮರಗಳನ್ನು, ಮಣ್ಣಿನ ಬಣ್ಣವನ್ನು ನೋಡಿ. ಈಗ ಕಂಪ್ಯೂಟರ್ ತಾನೇ ವಿಡಿಯೊ ಸೃಷ್ಟಿಸುತ್ತದೆ. ಕಣ್ಣಾರೆ ಕಂಡೆ ಎಂಬುದಕ್ಕೆ ಫೋನ್ ಸಾಕ್ಷಿಯಲ್ಲ. ಅಲ್ಲಿರುವ ಒಬ್ಬರಿಗೆ ಕರೆ ಮಾಡಿ ಕೇಳಿ.

7. ಸತ್ತವರನ್ನು ವಾದಕ್ಕೆ ಎಳೆಯಬಾರದು.
ಆನೆ ತುಳಿದ ಕಾರ್ಮಿಕರ ಚಿತ್ರ, ಮಣ್ಣಿನಿಂದ ಹೊರತೆಗೆದ ದೇಹದ ಚಿತ್ರವನ್ನು ಯಾವ ಕಾರಣಕ್ಕೂ ಹಂಚಬೇಡಿ. ಮನೆಯವರಿಗೆ ಸುದ್ದಿ ಮುಟ್ಟುವ ಮುನ್ನ ಹೆಸರು ಹಾಕಬೇಡಿ. ಇದಕ್ಕೆ ವಿನಾಯಿತಿ ಇಲ್ಲ.

8. ಎದುರಿನವರ ಜಾತಿ, ಭಾಷೆ, ಊರು ಹಿಡಿದು ಮಾತು ಮುಗಿಸಬಾರದು.
'ಹೊರಗಿನವರು', 'ಎಸ್ಟೇಟ್ ದೊರೆಗಳು', 'ಡೋಂಗಿ ಪರಿಸರವಾದಿಗಳು', 'ರೆಸಾರ್ಟ್ ಏಜೆಂಟರು': ಇವು ಉತ್ತರಗಳಲ್ಲ. ಹೇಳಿದವರು ಯಾರೇ ಆಗಲಿ, ಅಂಕಿ ಸರಿಯಿದ್ದರೆ ಸರಿ, ತಪ್ಪಿದ್ದರೆ ತಪ್ಪು.

9. 'ಜಿಲ್ಲೆಯ ಜನರೆಲ್ಲ' ಎಂದು ಬರೆಯಬಾರದು.
2021ರಲ್ಲಿ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನ ಶಿಕ್ಷಕರೊಬ್ಬರು ನೆಟ್‌ವರ್ಕ್ ಸಿಗಲೆಂದು ಮರದ ಮೇಲೆ ಅಟ್ಟಣಿಗೆ ಕಟ್ಟಿ ಅಲ್ಲಿಂದ ಪಾಠ ಮಾಡಿದರು. ಫೋನಿನ ವಾದದಲ್ಲಿ ಕೇಳಿಸುವುದು ಸಿಗ್ನಲ್ ಸಿಗುವವರ ದನಿ ಮಾತ್ರ. ಹಾಡಿಯವರು, ಲೈನ್‌ಮನೆಯವರು, ಗುಡ್ಡದ ಬುಡದಲ್ಲಿ ಒಂಟಿಯಾಗಿರುವ ಮುದುಕರು ಅಲ್ಲಿ ಇಲ್ಲ. ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ನಡೆದು ಹೋಗುವಾಗ ಆನೆಗೆ ಎದುರಾಗುವವರು ಅವರೇ. ಅವರನ್ನು ಕೇಳದೆ ಅವರ ಪರವಾಗಿ ತೀರ್ಪು ಕೊಡಬೇಡಿ.

10. ಮೂರು ಉತ್ತರ ಮೀರಬಾರದು.
ಒಬ್ಬರಿಗೆ ಮೂರು ಸಲ ಉತ್ತರಿಸಿದ ಮೇಲೂ ಹೊಸ ವಿಷಯ ಬಾರದಿದ್ದರೆ ನಿಲ್ಲಿಸಿ. ಕೋಪ ಬಂದ ರಾತ್ರಿ ಬರೆದದ್ದನ್ನು ಬೆಳಿಗ್ಗೆ ಕಾಫಿ ಕುಡಿದ ಮೇಲೆ ಓದಿ, ಆಮೇಲೆ ಕಳಿಸಿ.

ಮಳೆಗಾಲದ ನಾಲ್ಕು ತಿಂಗಳಿಗೆ ಬಿಗಿ ನಿಯಮ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನವುಗಳ ಜೊತೆ ಇವನ್ನೂ ಪಾಲಿಸಬೇಕು.

* ಕಿತ್ತಳೆ, ಕೆಂಪು ಎಚ್ಚರಿಕೆ ಇರುವ ದಿನ ಊರಿನ ಗ್ರೂಪುಗಳಲ್ಲಿ ನೀತಿಯ ವಾದ ಪೂರ್ತಿ ಬಂದ್. ಗಾಡ್ಗೀಳರು ಸರಿಯೋ ತಪ್ಪೋ ಎಂಬುದನ್ನು ಅಕ್ಟೋಬರ್‌ನಲ್ಲಿ ಮಾತಾಡಬಹುದು. ಆ ದಿನ ದಾರಿ, ನೀರು, ಕರೆಂಟು, ಗಂಜಿ ಕೇಂದ್ರದ ಮಾಹಿತಿ ಮಾತ್ರ ಹೋಗಬೇಕು. ಅದರಲ್ಲಿ ಊರು, ಗಂಟೆ, ಹೇಳಿದವರ ಹೆಸರು ಇರಬೇಕು.
* 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಭಾರಿ ಮಳೆ, 115.6ರಿಂದ 204.4 ಅತಿ ಭಾರಿ, ಅದಕ್ಕೂ ಮೇಲೆ ಅತ್ಯಂತ ಭಾರಿ ಎಂಬುದು ಹವಾಮಾನ ಇಲಾಖೆಯ ಲೆಕ್ಕ. ಎಚ್ಚರಿಕೆ ಇಡೀ ಜಿಲ್ಲೆಗೆ ಕೊಟ್ಟದ್ದು. ನಿಮ್ಮ ಅಂಗಳದಲ್ಲಿ ಬಿಸಿಲಿದ್ದರೆ ಎಚ್ಚರಿಕೆ ಸುಳ್ಳು ಎಂದು ಬರೆಯಬೇಡಿ. ಅದೇ ಹೊತ್ತಿಗೆ ನಾಪೋಕ್ಲಿನ ಗದ್ದೆಯಲ್ಲಿ ನೀರು ಏರುತ್ತಿರಬಹುದು.
* ಶಾಲೆಗೆ ರಜೆ ಎಂಬ ಆದೇಶ ಜಿಲ್ಲಾಡಳಿತದ ಅಧಿಕೃತ ಪ್ರಕಟಣೆಯಿಂದ ಬಂದರೆ ಮಾತ್ರ ಹಂಚಿ. ಹಳೆಯ ಆದೇಶದ ದಿನಾಂಕ ತಿದ್ದಿ ಕಳಿಸುವುದು ಹುಡುಗಾಟ ಅಲ್ಲ, ಅಪರಾಧ.
* ಬಿರುಕು, ವಾಲಿದ ಮರ, ಕೆಂಪಾದ ತೊರೆ ಕಂಡರೆ ಗ್ರೂಪಿಗೆ ಹಾಕುವ ಮುನ್ನ 1077ಕ್ಕೆ ಕರೆ ಮಾಡಿ. ಜೀವಕ್ಕೆ ಅಪಾಯವಿದ್ದರೆ 112. ಆಮೇಲೆ ಬರೆಯಿರಿ.
* ಜರಿದ ಬರೆಯ ಎದುರು ನಿಂತು ವಿಡಿಯೊ ಮಾಡಬೇಡಿ. ಒಮ್ಮೆ ಜರಿದ ಬರೆ ಮತ್ತೆ ಜರಿಯಬಹುದು.

ಕೊನೆಯದಾಗಿ

ಆ ವಾಯ್ಸ್ ಮೆಸೇಜ್ ನನ್ನ ಹಳೆಯ ಫೋನಿನಲ್ಲಿ ಇನ್ನೂ ಇದೆ. ಪ್ರತಿ ವರ್ಷ ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ ಹಾಕಿ ಕೇಳುತ್ತೇನೆ. ನಲವತ್ತು ಸೆಕೆಂಡಿನ ಮಾತು. ಯಾವ ಅಣೆಕಟ್ಟೆ ಎಂದು ಅದರಲ್ಲಿ ಹೇಳಿಲ್ಲ. ಯಾವ ದಿನ ಎಂದು ಹೇಳಿಲ್ಲ. ಮಾತಾಡಿದವರು ತಮ್ಮ ಹೆಸರು ಹೇಳಿಲ್ಲ. ಎಲ್ಲಿ, ಯಾವಾಗ, ಯಾರು ಎಂದು ಕೇಳಿದ್ದರೆ ಮೂರಕ್ಕೂ ಉತ್ತರ ಇರಲಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತಿತ್ತು. ಅದಕ್ಕೆ ನನಗೆ ಬೇಕಿದ್ದದ್ದು ಒಂದು ನಿಮಿಷ. ಆ ನಿಮಿಷ ನಾನು ಕೊಡಲಿಲ್ಲ, ಅದರ ಬದಲು ಅತ್ತೆ ಇಡೀ ರಾತ್ರಿ ಕತ್ತಲಲ್ಲಿ ನಡೆದರು.

ನೀವು ಆ ಒಂದು ನಿಮಿಷ ಕೊಡಿ. ಪ್ರತಿ ಸಲವೂ ಕೊಡಿ.